ನೀಲಸ್ಥಾನವೂ ಮುಪ್ಪಿನ ಮರೆವೂ

“ಅರುವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ವಯಸ್ಸಿನ ಹೊಸ್ತಿಲನ್ನು ಮುಟ್ಟಿದವರ ಕಿವಿಗೆ ಅದು ಅಷ್ಟೇನೂ ಇಂಪಲ್ಲವೆಂಬುದನ್ನು ನಾವು ಸ್ವಾನುಭವದಿಂದ ಬಲ್ಲೆವು. ಆದರೆ ಆ ಗಾದೆಯಲ್ಲಿ ನಮಗೆ ಕಾಣುವ ದೋಷವು ಅದರ ಕಹಿಯಲ್ಲ. ಅದನ್ನು ಆಡಿದೊಡನೆಯೇ ವಿಚಾರವು ಅಲ್ಲಿಗೆ ಮುಗಿದುಹೋಗುವುದೆಂಬುದೇ ದೋಷ. ಮನೆಯ ಹಿರಿಯರು ಒಲೆಯ ಮೇಲೆ ಹಾಲಿಟ್ಟು ಮರೆತರೆ, ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳಿದರೆ, ನಾವು ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುವೆವು. ಮರೆವಿಗೆ ಕಾರಣವೇನು, ಅದು ಎಲ್ಲಿಂದ ಮೊದಲಾಗುವುದು, ಅದಕ್ಕೆ ಮಾಡತಕ್ಕ ಉಪಾಯವೇನಾದರೂ ಉಂಟೆ ಎಂದು ಕೇಳುವ ಗೋಜಿಗೆ ಹೋಗುವವರು ವಿರಳ. ನಮ್ಮ ದೇಶದಲ್ಲಿ ೬೦ ವರ್ಷ ಮೀರಿದವರಲ್ಲಿ ನೂರಕ್ಕೆ ೭ಕ್ಕಿಂತ ತುಸು ಹೆಚ್ಚು ಮಂದಿ, ಎಂದರೆ ಸುಮಾರು ೮೮ ಲಕ್ಷ ಜನ, ಬರಿಯ ಮುಪ್ಪಿನ ಮರೆವಲ್ಲದ, ರೋಗವೆನಿಸುವ ಬುದ್ಧಿಕ್ಷಯದಿಂದ ನರಳುತ್ತಿರುವರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಗಣನೆಯಿಂದ ತಿಳಿದುಬಂದಿರುವುದು. ಇಷ್ಟು ಮಂದಿಯ ಸಂಕಟವನ್ನು ಒಂದು ಗಾದೆಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಈ ತಿಂಗಳು ನಾವು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವಾದುದು ವಾಚಕರೊಬ್ಬರ ಕಾಗದ. ಅವರ ತಾಯಿಯವರಿಗೆ ಎಪ್ಪತ್ತೆರಡು ವರ್ಷ. ಒಂದು ವರ್ಷದಿಂದ ಮರೆವು ಹೆಚ್ಚಿರುವುದು. ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಚಿಕ್ಕ ವಿದ್ಯುದ್ಯಂತ್ರವನ್ನು ದಿನವೂ ಅರ್ಧ ಗಂಟೆ ಧರಿಸಿದರೆ ಮಿದುಳಿನ ಬುಡದ ನರಗಳು ಚೇತರಿಸಿಕೊಂಡು ನೆನಪು ಹಿಂದಿರುಗುವುದೆಂಬ ಜಾಹೀರಾತನ್ನು ಅವರು ನೋಡಿರುವರು. ಯಂತ್ರದ ಬೆಲೆಯು ಅವರ ಒಂದು ತಿಂಗಳ ಸಂಬಳಕ್ಕೆ ಸಮೀಪವಾಗಿರುವುದು. “ಕೊಂಡರೆ ದುಡ್ಡು ದಂಡವಾದೀತೆಂಬ ಭಯ; ಕೊಳ್ಳದಿದ್ದರೆ ತಾಯಿಗೆ ಮಾಡಬೇಕಾದುದನ್ನು ಮಾಡಲಿಲ್ಲವೆಂಬ ಕೊರಗು” ಎಂದು ಬರೆದಿರುವರು. ಈ ಸಂಕಟವು ಅವರೊಬ್ಬರದೇ ಅಲ್ಲವಾದ ಕಾರಣ, ಮಿದುಳಿನ ಬುಡವೆಂದರೇನು, ಅದರ ವಿಷಯದಲ್ಲಿ ವಿದ್ವಾಂಸರು ನಿಜವಾಗಿ ಕಂಡುಕೊಂಡಿರುವುದೆಷ್ಟು, ಜಾಹೀರಾತಿನವರು ಸೇರಿಸಿಕೊಂಡಿರುವುದೆಷ್ಟು ಎಂಬುದನ್ನು ಬಿಡಿಸಿ ಹೇಳಲು ಯತ್ನಿಸುವೆವು.

ಹೂಕೋಸಿನ ಗಡ್ಡೆಯೊಂದನ್ನು ದಂಟಿನ ಸಮೇತ ಕೈಯಲ್ಲಿ ಹಿಡಿದಂತೆ ಭಾವಿಸಿರಿ. ಮೇಲಿನ ಸುಕ್ಕುಸುಕ್ಕಾದ ಭಾಗವು ಮಹಾಮಸ್ತಿಷ್ಕ. ಅದರೊಳಗಿನಿಂದ ಕೆಳಕ್ಕಿಳಿದು ಬೆನ್ನುಹುರಿಯೊಡನೆ ಕೂಡಿಕೊಳ್ಳುವ ದಂಟೇ ಮಿದುಳಿನ ಕಾಂಡ. ಅದರ ಗಾತ್ರವು ಹೆಚ್ಚು ಕಡಮೆ ನಮ್ಮ ಹೆಬ್ಬೆರಳಿನಷ್ಟು. ಮೇಲಿನಿಂದ ಕೆಳಕ್ಕೆ ನಡುಮಿದುಳು, ಸೇತು, ಮೆಡುಲಾ ಎಂದು ಮೂರು ಭಾಗಗಳನ್ನು ಎಣಿಸುವರು. ಕಾವ್ಯ ಶಾಸ್ತ್ರ ಗಣಿತಗಳೆಲ್ಲವೂ ಮೇಲಿನ ಗಡ್ಡೆಯ ವ್ಯಾಪಾರವಾದರೆ, ಉಸಿರು, ಎದೆಬಡಿತ, ರಕ್ತದ ಒತ್ತಡ, ನುಂಗುವುದು, ಕೆಮ್ಮುವುದು, ನಿದ್ರೆ, ಎಚ್ಚರ ಇವು ಈ ದಂಟಿನ ವ್ಯಾಪಾರ. ಯಜಮಾನನು ಉಪ್ಪರಿಗೆಯಲ್ಲಿ ಕುಳಿತು ಗ್ರಂಥಾವಲೋಕನ ಮಾಡುತ್ತಿರುವಾಗ ಕೆಳಗೆ ನೀರು, ಸೌದೆ, ದೀಪಗಳನ್ನು ನೋಡಿಕೊಳ್ಳುವವರು ಬೇರೆ ಇರುವರಷ್ಟೆ. ಅವರು ಕೈಬಿಟ್ಟರೆ ಯಜಮಾನನ ಪಾಂಡಿತ್ಯವು ಒಂದು ಗಳಿಗೆಯೂ ನಡೆಯದು. ೧೯೪೯ರಲ್ಲಿ ಮೊರುಜ್ಜಿ, ಮ್ಯಾಗೌನ್ ಎಂಬ ಇಬ್ಬರು ವಿದ್ವಾಂಸರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಈ ದಂಟಿನ ನಡುವಣ ನರಜಾಲವನ್ನು ವಿದ್ಯುತ್ತಿನಿಂದ ಮುಟ್ಟಿದರೆ ಮಹಾಮಸ್ತಿಷ್ಕವೆಲ್ಲವೂ ಎಚ್ಚರಗೊಂಡಾಗಿನ ಲಕ್ಷಣವನ್ನು ತೋರಿಸುವುದೆಂದು ಸ್ಥಾಪಿಸಿದರು. ಅಂದಿನಿಂದ, ಎಚ್ಚರವೆಂಬುದು ಕೆಳಗಿನಿಂದ ಮೇಲಕ್ಕೆ ಏರಿ ಬರುವ ವಸ್ತುವೆಂಬುದು ನಿಸ್ಸಂಶಯವಾಯಿತು.

ಗೃಹಸ್ಥರಿಗೆ ಈ ದಂಟಿನ ಪರಿಚಯವು ಬೇರೆ ಹೆಸರುಗಳಿಂದ ಇದ್ದೇ ಇರುವುದು. ನೀರು ಕುಡಿಯುವಾಗ ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರೆಂದು ಹೇಳುವೆವಷ್ಟೆ. ನೆನೆಸಿಕೊಂಡವರ ವಿಷಯವೇನೇ ಇರಲಿ, ನುಂಗುವಾಗ ಉಸಿರಿನ ದಾರಿಯನ್ನು ಮುಚ್ಚಿ ಅನ್ನದ ದಾರಿಯನ್ನು ತೆರೆಯುವ ಆಜ್ಞೆಯು ಮೆಡುಲಾದಿಂದ ಹೊರಡುವುದು. ಆ ಆಜ್ಞೆಯು ಕ್ಷಣಮಾತ್ರ ತಡವಾದರೆ ನೀರು ತಪ್ಪು ದಾರಿಯನ್ನು ಹಿಡಿಯುವುದು. ವೃದ್ಧರಿಗೆ ಇದು ಪದೇಪದೇ ಆಗುತ್ತಿದ್ದರೆ ನೆತ್ತಿಯನ್ನು ತಟ್ಟಿ ಸುಮ್ಮನಿರದೆ ವೈದ್ಯರಿಗೆ ತಿಳಿಸತಕ್ಕದ್ದು. ಅದರಿಂದ ಶ್ವಾಸಕೋಶಕ್ಕೆ ಕೀವು ಜ್ವರ ಬರುವುದುಂಟು. ಹಾಗೆಯೇ ಪಾಠಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಬಿಸಿಲಿನಲ್ಲಿ ನಿಂತ ಹುಡುಗನು ಮುಖ ಬಿಳಿಚಿಕೊಂಡು ಕುಸಿಯುವುದನ್ನು ನಾವೆಷ್ಟೋ ಸಲ ನೋಡಿರುವೆವು. ಅಲ್ಲಿ ಎದೆಬಡಿತವನ್ನು ತಗ್ಗಿಸುವ ನರವು ಅಳತೆ ಮೀರಿ ಕೆಲಸ ಮಾಡಿ, ರಕ್ತವು ತಲೆಗೆ ಏರದೆ ಹೋಗುವುದು. ಅಂತಹವರನ್ನು ಎತ್ತಿ ಕುಳ್ಳಿರಿಸಲು ಹೋಗದೆ ಮಲಗಿಸಿ ಕಾಲನ್ನು ಮೇಲೆ ಮಾಡುವುದೇ ಸರಿಯಾದ ಕ್ರಮ. ಮುದುಕರು ರಾತ್ರಿ ಎದ್ದು ಬಚ್ಚಲಿಗೆ ಹೋದಾಗ ಕಣ್ಣು ಕತ್ತಲಿಟ್ಟು ಬೀಳುವುದರಲ್ಲಿಯೂ ಅನೇಕ ವೇಳೆ ಇದೇ ನರದ ಕೈವಾಡವಿರುವುದು.

ಈಗ ನೀಲಸ್ಥಾನದ ವಿಷಯ. ಕಾಂಡದ ನಡುವಣ ಸೇತುವಿನ ಮೇಲ್ಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಸುಮಾರು ಒಂದೂವರೆ ಸೆಂಟಿಮೀಟರು ಉದ್ದದ, ಒಂದು ದಪ್ಪ ದಾರದಷ್ಟು ಅಗಲದ ಎರಡು ನೀಲಿ ಗೆರೆಗಳಿರುವುವು. ಫ್ರಾನ್ಸ್ ದೇಶದ ವಿಕ್ ದಾಜೀರನು ೧೭೮೦ರ ದಶಕದಲ್ಲಿಯೇ ಇದನ್ನು ಕಂಡಿದ್ದನು. ೧೮೧೨ರಲ್ಲಿ ಜರ್ಮನಿಯ ವೆಂಟ್ಸೆಲ್ ಸಹೋದರರು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಲೋಕಸ್ ಸೆರೂಲಿಯಸ್’ ಎಂದು ಹೆಸರಿಟ್ಟರು. ನೀಲವಾದ ಎಡೆ ಎಂದು ಅರ್ಥ. ಆ ನೀಲವಾಚಕ ಶಬ್ದವು ಆಕಾಶವೆಂಬ ಅರ್ಥದ ಶಬ್ದದಿಂದ ಬಂದುದಿರಬೇಕೆಂದು ಶಬ್ದಶಾಸ್ತ್ರಜ್ಞರು ಹೇಳುವರು. ಸಂಸ್ಕೃತದಲ್ಲಿ ಹೇಳುವುದಾದರೆ ನಭೋನೀಲ. ಇದರಲ್ಲಿರುವ ನರಕಣಗಳು ಎರಡು ಕಡೆಯವೂ ಸೇರಿ ಸುಮಾರು ೫೦ ಸಾವಿರವನ್ನು ಮೀರವು. ಇಡೀ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕಣಗಳಿರುವುವೆಂಬುದನ್ನು ನೆನೆದರೆ, ಇದು ಸಮುದ್ರದಲ್ಲಿ ಒಂದು ಬೊಗಸೆ ನೀರಿದ್ದಂತೆ. ಹೀಗಿದ್ದೂ ಈ ಸ್ವಲ್ಪ ಕಣಗಳ ತಂತುಗಳು ಮಿದುಳಿನ ಬಹುಮಟ್ಟಿಗೆ ಎಲ್ಲ ಭಾಗಗಳಿಗೂ ಹಬ್ಬಿ, ನಾರ್‌ಎಪಿನೆಫ್ರಿನ್ ಎಂಬ ರಸವನ್ನು ಸಿಂಪಡಿಸುತ್ತಿರುವುವು. ಈ ರಸವು ಇಲ್ಲಿರುವುದೆಂದು ೧೯೬೪ರಲ್ಲಿ ಡಾಲ್‌ಸ್ಟ್ರೋಮ್, ಫುಕ್ಸೆ ಎಂಬ ಸ್ವೀಡನ್ ದೇಶದ ವಿದ್ವಾಂಸರು ತೋರಿಸಿಕೊಟ್ಟರು. ಮದುವೆಯ ಮನೆಯ ಗಲಾಟೆಯ ನಡುವೆ ಯಾರೋ ನಮ್ಮ ಹೆಸರನ್ನು ಹಿಡಿದು ಕೂಗಿದರೆ ಥಟ್ಟನೆ ತಿರುಗಿ ನೋಡುವೆವಲ್ಲವೆ? ಆ ‘ಥಟ್ಟನೆ’ ಎಂಬುದು ನೀಲಸ್ಥಾನದ ಕಾರ್ಯ. ಹೊಸದು, ಮುಖ್ಯವಾದುದು, ಅಪಾಯಕರವಾದುದು ಎದುರಾದಾಗ ಅದು ಮೇಲಿನ ಮಸ್ತಿಷ್ಕಕ್ಕೆ “ಇದನ್ನು ಗಮನಿಸು, ಇದನ್ನು ನೆನಪಿನಲ್ಲಿಡು” ಎಂದು ಎಚ್ಚರಿಸುವುದು. ಗಮನವಿಲ್ಲದೆ ಕೇಳಿದ ಪಾಠವು ನೆನಪಿನಲ್ಲಿ ನಿಲ್ಲದೆಂಬುದನ್ನು ಬೋಧಿಸಲು ಉಪಾಧ್ಯಾಯರಿಗೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ.

ಈ ಪುಟ್ಟ ಸ್ಥಾನದಿಂದಲೇ ಆಲ್‌ಜೈಮರ್ ರೋಗದ ಮೊದಲ ಸುಳಿವು ಕಾಣತೊಡಗುವುದೆಂಬುದು ಈಚಿನ ಸಂಶೋಧನೆಗಳಲ್ಲೆಲ್ಲ ಅತ್ಯಂತ ಆಶ್ಚರ್ಯಕರವಾದ ವಿಷಯ. ಜರ್ಮನಿಯ ಹೈಕೋ ಬ್ರಾಕ್ ಎಂಬವರೂ ಅವರ ಸಂಗಡಿಗರೂ ಒಂದು ವರ್ಷದ ಶಿಶುವಿನಿಂದ ನೂರು ವರ್ಷದ ವೃದ್ಧರವರೆಗೆ ೨,೩೩೨ ಮಂದಿ ಮೃತರ ಮಿದುಳುಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗದ ಗುರುತಾದ ‘ಟಾವ್’ ಎಂಬ ಪದಾರ್ಥದ ವಿಕಾರವು ಮಹಾಮಸ್ತಿಷ್ಕದಲ್ಲಿ ತೋರುವುದಕ್ಕೆ ಮುಂಚೆಯೇ ನೀಲಸ್ಥಾನದಲ್ಲಿ ತೋರಿಕೊಂಡಿದ್ದಿತು. ಅದೂ ಮೂವತ್ತು ತುಂಬದ ತರುಣರಲ್ಲಿ ಸಹ! ಇದನ್ನೋದಿ ಎದೆಗುಂದಬೇಕಾದುದಿಲ್ಲ. ತರ್ಕಶಾಸ್ತ್ರವನ್ನು ಓದುವ ಬಾಲಕನೂ ಬಲ್ಲ ಮಾತು ಇದು: ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು, ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ರೋಗಿಗಳಲ್ಲಿ ನೀಲಸ್ಥಾನದ ವಿಕಾರವಿರುವುದು ನಿಜ. ವಿಕಾರವಿದ್ದವರೆಲ್ಲರೂ ರೋಗಿಗಳಾಗುವರೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ಎಷ್ಟೋ ಮಂದಿ ಆ ಅಲ್ಪ ವಿಕಾರವನ್ನು ಹೊತ್ತುಕೊಂಡೇ ಬುದ್ಧಿ ಚುರುಕಾಗಿ ತೊಂಬತ್ತು ವರ್ಷ ಬಾಳಿರುವರು.

ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ಇನ್ನೊಂದು ಶೋಧನೆಯು ಇದಕ್ಕೆ ಪೂರಕವಾಗಿರುವುದು. ಅಲ್ಲಿ ವೃದ್ಧರು ಬದುಕಿರುವವರೆಗೆ ವರ್ಷಕ್ಕೊಮ್ಮೆ ನೆನಪು ಬುದ್ಧಿಗಳ ಪರೀಕ್ಷೆಗೆ ಒಳಪಟ್ಟು, ಸತ್ತ ಬಳಿಕ ಮಿದುಳನ್ನು ದಾನ ಮಾಡುವುದಾಗಿ ಒಪ್ಪಿಕೊಂಡಿರುವರು. (ಈ ದಾನಕ್ಕೆ ನಮ್ಮ ಸ್ಮೃತಿಕಾರರು ಯಾವ ಫಲವನ್ನು ಹೇಳುತ್ತಿದ್ದರೋ ತಿಳಿಯದು, ವಿದ್ಯಾದಾನದಲ್ಲಿ ಸೇರಿಸಬಹುದೆಂದು ನಮ್ಮ ಅಭಿಪ್ರಾಯ.) ಅಂತಹ ೧೬೫ ಮಂದಿಯ ಮಿದುಳುಗಳನ್ನು ನೋಡಿ ೨೦೧೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಯಾರ ನೀಲಸ್ಥಾನದ ಕಣಗಳು ದಟ್ಟವಾಗಿದ್ದುವೋ ಅವರ ಬುದ್ಧಿಶಕ್ತಿಯು ಕಡೆಗಾಲದಲ್ಲಿ ನಿಧಾನವಾಗಿ ಇಳಿದಿದ್ದಿತೆಂದು ಹೇಳಿರುವರು. ಅದೇ ವರ್ಷ ಐರ್ಲೆಂಡಿನ ಇಯಾನ್ ರಾಬರ್ಟ್‌ಸನ್ ಎಂಬ ವಿದ್ವಾಂಸರು, ವಿದ್ಯಾಭ್ಯಾಸ, ಹೊಸ ವಿಷಯಗಳಲ್ಲಿ ಕುತೂಹಲ, ಜನರೊಡನೆ ಬಳಕೆ ಇವು ಮುಪ್ಪಿನಲ್ಲಿ ಬುದ್ಧಿಯನ್ನು ಕಾಯುವುದಕ್ಕೆ ಕಾರಣವು, ಅವು ಜೀವಮಾನವೆಲ್ಲ ನೀಲಸ್ಥಾನಕ್ಕೆ ಕೆಲಸ ಕೊಡುತ್ತಿರುವುದೇ ಇರಬಹುದೆಂದು ಊಹಿಸಿದರು. ಊಹೆ ಸೊಗಸಾದುದು. ಊಹೆಯನ್ನು ಸಿದ್ಧಾಂತವೆಂದು ಕರೆಯುವ ಕಾಲವು ಇನ್ನೂ ಬಂದಿಲ್ಲ.

ನೀಲಸ್ಥಾನವನ್ನು ಹೊರಗಿನಿಂದ ಮುಟ್ಟುವ ದಾರಿ ಯಾವುದು? ಇಲ್ಲಿಯೇ ನಮ್ಮ ಕಥೆಯ ಎರಡನೆಯ ಪಾತ್ರವು ಪ್ರವೇಶಿಸುವುದು. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹತ್ತನೆಯದಕ್ಕೆ ‘ವೇಗಸ್’ ಎಂದು ಹೆಸರು. ಅಲೆದಾಡುವವನೆಂದು ಅದರ ಅರ್ಥ. ನಾವಾದರೆ ಪರಿವ್ರಾಜಕ ಎಂದು ಕರೆಯುತ್ತಿದ್ದೆವು. ಉಳಿದ ನರಗಳು ಬಹುತೇಕ ತಲೆ ಕುತ್ತಿಗೆಗಳಲ್ಲಿಯೇ ಸುತ್ತಾಡಿಕೊಂಡಿದ್ದರೆ ಇದು ಕುತ್ತಿಗೆಯಲ್ಲಿ ಇಳಿದು ಗಂಟಲು, ಹೃದಯ, ಶ್ವಾಸಕೋಶ, ಜಠರ, ಕರುಳುಗಳವರೆಗೆ ಯಾತ್ರೆ ಮಾಡುವುದು. ಈ ಯಾತ್ರಿಕನು ಅಪ್ಪಣೆಯನ್ನು ಒಯ್ಯುವುದಕ್ಕಿಂತ ಸುದ್ದಿಯನ್ನು ತರುವುದೇ ಹೆಚ್ಚು. ಇದರ ತಂತುಗಳಲ್ಲಿ ನೂರಕ್ಕೆ ಸುಮಾರು ೮೦ ಭಾಗ ಒಡಲಿನ ವಾರ್ತೆಯನ್ನು ಮಿದುಳಿನ ಕಾಂಡಕ್ಕೆ ಮುಟ್ಟಿಸತಕ್ಕವು. ಆ ವಾರ್ತೆಯು ಮೆಡುಲಾದ ಒಂದು ಠಾಣೆಯಲ್ಲಿ ಇಳಿದು ಅಲ್ಲಿಂದ ನೀಲಸ್ಥಾನವನ್ನು ಸೇರುವುದು.

ನರಗಳು ಹೇಗೆ ಮಾತನಾಡುವುವೆಂಬುದು ಜಗತ್ತಿಗೆ ಗೊತ್ತಾದುದೂ ಈ ನರದಿಂದಲೇ. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ ಅಟ್ಟೋ ಲೋವಿ ಎಂಬ ಅಧ್ಯಾಪಕರಿದ್ದರು. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಅವರಿಗೆ ಕನಸಿನಲ್ಲಿ ಒಂದು ಪ್ರಯೋಗವು ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಬಾರದು! ಮಾರನೆಯ ರಾತ್ರಿ ಮೂರು ಗಂಟೆಗೆ ಅದೇ ಯೋಚನೆಯು ಮರಳಿ ಬಂದಿತು. ಈ ಸಲ ಬರೆಯುವ ಗೊಡವೆಗೆ ಹೋಗದೆ ನೇರವಾಗಿ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿಟ್ಟು, ಒಂದರ ವೇಗಸ್ ನರವನ್ನು ಕೆರಳಿಸಿದಾಗ ಅದರ ಬಡಿತವು ನಿಧಾನವಾಯಿತು. ಆ ಹೃದಯವು ನೆನೆದ ನೀರನ್ನು ತೆಗೆದು ಎರಡನೆಯದಕ್ಕೆ ಎರೆದರೆ, ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರವು ಒಂದು ರಸವನ್ನು ಸ್ರವಿಸುವುದೆಂಬುದು ೧೯೨೧ರಲ್ಲಿ ಹೀಗೆ ಪ್ರಕಟವಾಯಿತು. ಅಸಿಟೈಲ್‌ಕೋಲಿನ್ ಎಂಬುದು ಆ ರಸದ ಹೆಸರು. ೧೯೩೬ರಲ್ಲಿ ಲೋವಿಯವರಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು. ಎರಡೇ ವರ್ಷಗಳಲ್ಲಿ, ಯೆಹೂದ್ಯರಾದ ಕಾರಣ ನಾಜಿಗಳು ಅವರನ್ನು ಸೆರೆಹಿಡಿದು, ಪಾರಿತೋಷಕದ ಹಣವನ್ನೂ ಕಿತ್ತುಕೊಂಡು ದೇಶ ಬಿಡಿಸಿದರು. ಪಂಡಿತನಿಗೆ ರಾಜನು ಮಾಡುವ ಸನ್ಮಾನಗಳಲ್ಲಿ ಇದೂ ಒಂದು ಬಗೆ.

ಕಪ್ಪೆಯ ಹೃದಯಕ್ಕೂ ಮನೆಯ ಅಜ್ಜಿಗೂ ಏನು ಸಂಬಂಧವೆಂದು ಕೇಳಬೇಡಿರಿ. ಸಂಬಂಧವು ಬಹಳ ಹತ್ತಿರದ್ದು. ಅದೇ ರಸವು ಮಹಾಮಸ್ತಿಷ್ಕದಲ್ಲಿ ನೆನಪಿನ ಕೆಲಸಕ್ಕೂ ಬೇಕು. ಆಲ್‌ಜೈಮರ್ ರೋಗಕ್ಕೆ ಈಗ ಕೊಡುವ ಡೊನೆಪೆಜಿಲ್ ಎಂಬ ಮಾತ್ರೆಯು ಈ ರಸವು ಬೇಗನೆ ಕರಗಿಹೋಗದಂತೆ ತಡೆಯುವುದೇ ಹೊರತು ಬೇರೇನನ್ನೂ ಹೊಸದಾಗಿ ತರುವುದಿಲ್ಲ. ಇದಕ್ಕೆ ವಿರುದ್ಧವಾದುದು ದತ್ತೂರ. ಅದಕ್ಕೆ ಸಂಸ್ಕೃತದಲ್ಲಿ ‘ಉನ್ಮತ್ತ’ವೆಂದು ಹೆಸರು, ನಮ್ಮ ಹಳ್ಳಿಗರ ಉಮ್ಮತ್ತಿಯೂ ಅದೇ. ತಿಂದವನಿಗೆ ಹುಚ್ಚು ಹಿಡಿಸುವುದರಿಂದ ಗಿಡಕ್ಕೇ ಹುಚ್ಚನ ಹೆಸರು ಬಂದಿತು. ಅದರಲ್ಲಿರುವ ವಿಷಗಳು ಅಸಿಟೈಲ್‌ಕೋಲಿನ್ನಿನ ಕೆಲಸವನ್ನು ಅಡ್ಡಗಟ್ಟುವುವೆಂಬುದೇ ಇದರ ರಹಸ್ಯ. ಗೃಹಸ್ಥರು ಗಮನಿಸಬೇಕಾದ ಸಂಗತಿಯೆಂದರೆ, ನೆಗಡಿ ಕಡಿತಗಳಿಗೂ ನಿದ್ರೆಗೂ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಕೆಲವು ಹಳೆಯ ತರಹದ ಮಾತ್ರೆಗಳೂ, ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಔಷಧಗಳೂ ಅಲ್ಪಪ್ರಮಾಣದಲ್ಲಿ ಇದೇ ಕೆಲಸವನ್ನು ಮಾಡತಕ್ಕವು. ತರುಣರಿಗೆ ತೂಕಡಿಕೆಯಲ್ಲಿ ಮುಗಿಯುವುದು ಎಪ್ಪತ್ತರ ವೃದ್ಧರಿಗೆ ಭ್ರಾಂತಿಯಾಗಿ ಪರಿಣಮಿಸಬಹುದು. ಹಿರಿಯರಿಗೆ ಮರೆವು ಹೆಚ್ಚಿತೆಂದು ತೋರಿದ ದಿನವೇ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸುವುದು ಎಲ್ಲಕ್ಕಿಂತ ಅಗ್ಗವಾದ ಪರೀಕ್ಷೆ.

ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಯೋಚನೆಯು ಹಳೆಯದು. ೧೮೮೦ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನಿಂಗ್ ಎಂಬ ವೈದ್ಯರು ಅಪಸ್ಮಾರದ ಚಿಕಿತ್ಸೆಗೆ ಇದನ್ನು ಪ್ರಯತ್ನಿಸಿ, ಫಲಕಾಣದೆ ಅದು ಮೂಲೆಗೆ ಬಿದ್ದಿತು. ೧೯೮೫ರಲ್ಲಿ ಜಬಾರಾ ಎಂಬ ವಿದ್ವಾಂಸರು ನಾಯಿಗಳಲ್ಲಿ ಇದರಿಂದ ಸೆಳವು ನಿಲ್ಲುವುದೆಂದು ತೋರಿಸಿದರು. ೧೯೮೮ರಲ್ಲಿ ಮೊದಲ ಸಲ ಮನುಷ್ಯನಲ್ಲಿ ಯಂತ್ರವನ್ನಿಟ್ಟರು. ಎಡ ಹೆಗಲೆಲುಬಿನ ಕೆಳಗೆ ಚರ್ಮದೊಳಗೆ ಗಡಿಯಾರದಂತಹ ಒಂದು ಚಿಕ್ಕ ಡಬ್ಬಿಯನ್ನಿಟ್ಟು, ಅಲ್ಲಿಂದ ಹೊರಟ ತಂತಿಯನ್ನು ಕುತ್ತಿಗೆಯ ಎಡಗಡೆಯ ವೇಗಸ್ಸಿಗೆ ಸುತ್ತುವರು. ಬಲಗಡೆಯ ನರಕ್ಕೆ ಹೃದಯದ ಬಡಿತದ ಮೇಲೆ ಅಧಿಕಾರ ಹೆಚ್ಚಾದುದರಿಂದ ಎಡವನ್ನು ಆರಿಸುವರು. ಯಂತ್ರವು ಮಿಡಿದಾಗ ಧ್ವನಿಯು ಒರಟಾಗುವುದು. ಏಕೆಂದರೆ ಧ್ವನಿಪೆಟ್ಟಿಗೆಗೆ ಹೋಗುವ ನರವೂ ಇದರದೇ ಶಾಖೆ. ಅಮೆರಿಕ ಸರ್ಕಾರವು ಇದನ್ನು ೧೯೯೭ರಲ್ಲಿ ಔಷಧಕ್ಕೆ ಜಗ್ಗದ ಅಪಸ್ಮಾರಕ್ಕೂ, ೨೦೦೫ರಲ್ಲಿ ವಾಸಿಯಾಗದ ಖಿನ್ನತೆಗೂ, ೨೦೨೧ರಲ್ಲಿ ಪಾರ್ಶ್ವವಾಯುವಿನಿಂದ ದುರ್ಬಲವಾದ ತೋಳಿನ ಅಭ್ಯಾಸಕ್ಕೂ ಒಪ್ಪಿತು. ಕಡೆಯದರ ಪರೀಕ್ಷೆಯಲ್ಲಿ ೧೦೮ ಮಂದಿ ರೋಗಿಗಳು ಸೇರಿದ್ದರು. ಎಲ್ಲರಿಗೂ ಯಂತ್ರವನ್ನಿಟ್ಟು, ಅರ್ಧ ಮಂದಿಗೆ ಮಾತ್ರ ನಿಜವಾದ ಪ್ರಚೋದನೆಯನ್ನು ಕೊಟ್ಟು, ಇಬ್ಬಗೆಯವರಿಂದಲೂ ಕೈಯ ಕಸರತ್ತನ್ನು ಒಂದೇ ಸಮನಾಗಿ ಮಾಡಿಸಿದರು. ಮೂರು ತಿಂಗಳ ಬಳಿಕ ನಿಜವಾದ ಪ್ರಚೋದನೆ ಪಡೆದವರಲ್ಲಿ ನೂರಕ್ಕೆ ೪೭ ಮಂದಿಗೂ ಉಳಿದವರಲ್ಲಿ ೨೪ ಮಂದಿಗೂ ಗಣ್ಯವಾದ ಗುಣ ಕಂಡಿತು. ಪರೀಕ್ಷೆಯೆಂದರೆ ಹೀಗಿರಬೇಕು. ಸುಮ್ಮನೆ ಮಿಡಿಸಿದುದರಿಂದ ಬಂದ ಫಲವಲ್ಲ ಅದು; ಕೈ ಆಡಿಸುವ ಆ ಕ್ಷಣದಲ್ಲಿಯೇ ಮಿಡಿಸಿದುದರಿಂದ ಬಂದುದು.

ನೆನಪಿನ ವಿಷಯಕ್ಕೆ ಬಂದರೆ ಕಥೆಯು ಇಷ್ಟು ಸ್ಪಷ್ಟವಲ್ಲ. ೧೯೯೯ರಲ್ಲಿ ಅಪಸ್ಮಾರಕ್ಕಾಗಿ ಯಂತ್ರವಿಟ್ಟುಕೊಂಡಿದ್ದವರಿಗೆ ಒಂದು ಗದ್ಯಭಾಗವನ್ನು ಓದಿಸಿ, ಓದಿದ ಕೂಡಲೆ ಹದವಾಗಿ ಮಿಡಿಸಿದರೆ ಶಬ್ದಗಳನ್ನು ಚೆನ್ನಾಗಿ ಗುರುತಿಸುವರೆಂದು ಕಂಡರು. ಹೆಚ್ಚು ಬಲವಾಗಿ ಮಿಡಿಸಿದರೆ ಆ ಲಾಭವಿಲ್ಲ. ಸ್ವೀಡನ್ನಿನಲ್ಲಿ ಆಲ್‌ಜೈಮರ್ ರೋಗಿಗಳಿಗೆ ಇದನ್ನಿಟ್ಟು ನೋಡಿ ೨೦೦೨ರಲ್ಲಿ ೧೦ ಮಂದಿಯ, ೨೦೦೬ರಲ್ಲಿ ೧೭ ಮಂದಿಯ ವಿಷಯವನ್ನು ಪ್ರಕಟಿಸಿದರು. ಕೆಲವರ ಸ್ಥಿತಿ ಕೆಡದೆ ನಿಂತಿತ್ತು. ಆದರೆ ಹೋಲಿಸಿ ನೋಡುವುದಕ್ಕೆ ಯಂತ್ರವಿಲ್ಲದ ರೋಗಿಗಳ ಗುಂಪೊಂದು ಇರಲಿಲ್ಲವಾದುದರಿಂದ ಅದನ್ನು ಆಧಾರವಾಗಿ ಹಿಡಿಯಲಾಗದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂದು ನಮ್ಮವರು ಹೇಳುವುದು ಇಂತಹ ಕಡೆಯಲ್ಲಿಯೇ.

ಇನ್ನು ಕಿವಿಯ ಯಂತ್ರ. ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಕೆಮ್ಮು ಬರುವುದನ್ನು ವಾಚಕರು ಕಂಡಿರಬಹುದು. ವೇಗಸ್ಸಿನ ಒಂದು ಸಣ್ಣ ಕವಲು ಕಿವಿಯ ರಂಧ್ರಕ್ಕೂ ಅದರ ಸುತ್ತಣ ಬೋಗುಣಿಯಂತಹ ತಗ್ಗಿಗೂ ಬರುವುದೇ ಇದಕ್ಕೆ ಕಾರಣ. ಶಸ್ತ್ರಚಿಕಿತ್ಸೆಯಿಲ್ಲದೆ ಆ ನರವನ್ನು ಮುಟ್ಟಲು ಶರೀರವು ತೆರೆದಿಟ್ಟ ಕಿಟಕಿ ಇದು. ೨೦೧೫ರಲ್ಲಿ ನೆದರ್ಲೆಂಡ್ಸ್ ದೇಶದವರು ಆರೋಗ್ಯವಂತರಾದ ೩೦ ಮಂದಿ ಹಿರಿಯರಿಗೆ ಹೀಗೆ ಕಿವಿಯಲ್ಲಿ ಮಿಡಿಸಿ, ಮುಖಕ್ಕೂ ಹೆಸರಿಗೂ ಜೋಡಿಸಿ ನೆನಪಿಡುವ ಪರೀಕ್ಷೆಯಲ್ಲಿ ಅಂದಿನ ಮಟ್ಟಿಗೆ ತುಸು ಹೆಚ್ಚಿನ ಜಯವನ್ನು ಕಂಡರು. ಜಾಹೀರಾತುಗಳ ಬೇರು ಇಂತಹ ಪ್ರಯೋಗಗಳಲ್ಲಿರುವುದು. ಆದರೆ ಆರೋಗ್ಯವಂತರು ಒಂದು ದಿನ ಹೆಸರುಗಳನ್ನು ಚೆನ್ನಾಗಿ ನೆನೆದರೆಂಬುದಕ್ಕೂ, ಬುದ್ಧಿಕ್ಷಯವು ಮೊದಲಾದವರ ನೆನಪು ಹಿಂದಿರುಗುವುದೆಂಬುದಕ್ಕೂ ನಡುವೆ ಹನುಮಂತನೂ ಹಾರಲಾರದ ಸಮುದ್ರವಿರುವುದು. ಕಿವಿ ಹಿಡಿದು ಬಸ್ಕಿ ತೆಗೆಸುವುದರ ಮರ್ಮವನ್ನು ನಮ್ಮ ಪೂರ್ವಿಕರು ಆಗಲೇ ಬಲ್ಲವರಾಗಿದ್ದರೆಂದು ಕೆಲವು ಉತ್ಸಾಹಿಗಳು ಹೇಳತೊಡಗಿರುವರು. ಉಪಾಧ್ಯಾಯ ವೃತ್ತಿಯಲ್ಲಿ ಮೂವತ್ತು ವರ್ಷಕ್ಕೆ ಮೀರಿ ಕಿವಿ ಹಿಂಡಿದ ನಮಗೆ ಈ ಮಾತು ಹಿತವಾಗಿ ಕೇಳಬೇಕಾದುದೇ. ಆದರೆ ನಾವು ಹಿಂಡುತ್ತಿದ್ದುದು ಕಿವಿಯ ಹಾಲೆಯನ್ನು. ವೇಗಸ್ಸಿನ ಕವಲು ಅಲ್ಲಿಗೆ ಬರುವುದಿಲ್ಲ. ಅಷ್ಟೇಕೆ, ಪ್ರಯೋಗಗಳಲ್ಲಿ ಫಲವಿಲ್ಲದ ಸುಳ್ಳು ಮಿಡಿತವನ್ನು ಕೊಡಬೇಕಾದಾಗ ಹಾಲೆಯನ್ನೇ ಆರಿಸುವರು. ಹೆಚ್ಚು ಸಲ ಹಿಂಡಿಸಿಕೊಂಡವರ ನೆನಪು ಹೆಚ್ಚಿದುದನ್ನೂ ನಾವು ಕಾಣೆವು.

ಆದಕಾರಣ ಆ ವಾಚಕ ಮಹಾಶಯರಿಗೆ ನಮ್ಮ ಉತ್ತರವು ಇದು: ಸದ್ಯಕ್ಕೆ ಆ ಯಂತ್ರಕ್ಕೆ ಹಣವನ್ನು ಹಾಕಬೇಡಿರಿ. ಕೊಳ್ಳದೆ ಹೋದುದರಿಂದ ತಾಯಿಗೆ ಏನನ್ನೋ ತಪ್ಪಿಸಿದೆವೆಂಬ ಕೊರಗಿಗೆ ಕಾರಣವೇ ಇಲ್ಲ. ಮರೆವಿನ ರೋಗಕ್ಕೆ ಅದು ಔಷಧವೆಂದು ಇನ್ನೂ ಸಿದ್ಧವಾಗಿಲ್ಲ. ಹೃದಯದಲ್ಲಿ ಬಡಿತದ ಯಂತ್ರವಿರುವವರೂ, ಬಡಿತದ ಲಯ ತಪ್ಪುವವರೂ ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಲೇ ಕೂಡದು. ಅದೇ ಹಣದಲ್ಲಿ ಒಂದು ಭಾಗದಿಂದ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ದು ಥೈರಾಯ್ಡ್ ಗ್ರಂಥಿಯ ಪರೀಕ್ಷೆ, ಬಿ-೧೨ ಜೀವಸತ್ತ್ವದ ಪರೀಕ್ಷೆ, ರಕ್ತದ ಒತ್ತಡ, ಸಕ್ಕರೆ ಇವನ್ನು ನೋಡಿಸಿರಿ. ಮಾಂಸವನ್ನು ಮುಟ್ಟದ ಮನೆತನಗಳಲ್ಲಿ ಬಿ-೧೨ರ ಕೊರತೆಯು ಅಪರೂಪವಲ್ಲ. ಅದರಿಂದ ಬಂದ ಮರೆವು ಸಕಾಲದಲ್ಲಿ ಕೊಟ್ಟ ಚುಚ್ಚುಮದ್ದಿಗೆ ತಗ್ಗುವುದುಂಟು. ಕೆಲವು ವಾರಗಳ ಹಿಂದೆ ಎಲ್ಲಿಯಾದರೂ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತೆ ಎಂಬುದನ್ನು ನೆನೆದು ತಪ್ಪದೆ ವೈದ್ಯರಿಗೆ ಹೇಳಿರಿ. ಬುರುಡೆಯೊಳಗೆ ಮೆಲ್ಲನೆ ನಿಂತ ರಕ್ತವು ಮರೆವಿನ ವೇಷದಲ್ಲಿ ಕಾಣಿಸಿಕೊಳ್ಳುವುದುಂಟು. ಮನಸ್ಸಿನ ಖಿನ್ನತೆಯೂ ಅದೇ ವೇಷವನ್ನು ಹಾಕಬಲ್ಲುದು. ನಿಮ್ಮ ತಂದೆಯವರು ಈಚೆಗೆ ತೀರಿಕೊಂಡರೆಂದು ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿರುವಿರಿ. ಆ ಸಾಲನ್ನು ವೈದ್ಯರಿಗೆ ಮೊದಲು ಹೇಳಬೇಕು.

ಯಂತ್ರವಿಲ್ಲದೆ ಈ ಪರಿವ್ರಾಜಕನನ್ನು ಮಾತನಾಡಿಸುವ ದಾರಿಯೊಂದುಂಟು, ಅದು ಉಸಿರು. ಉಸಿರನ್ನು ಎಳೆದುಕೊಳ್ಳುವಾಗ ಎದೆಬಡಿತವು ತುಸು ಬಿರುಸಾಗುವುದು, ಬಿಡುವಾಗ ವೇಗಸ್ಸಿನ ಪ್ರಭಾವದಿಂದ ನಿಧಾನವಾಗುವುದು. ೨೦೦೧ರಲ್ಲಿ ಇಟಲಿಯ ಬೆರ್ನಾರ್ಡಿಯವರು ೨೩ ಮಂದಿಯಿಂದ ಲ್ಯಾಟಿನ್ನಿನಲ್ಲಿ ಜಪಮಾಲೆಯ ಪ್ರಾರ್ಥನೆಯನ್ನೂ ನಮ್ಮ ಕಡೆಯ ಮಂತ್ರವೊಂದನ್ನೂ ಹೇಳಿಸಿ, ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಹೆಚ್ಚು ಕಡಮೆ ಆರಕ್ಕೆ ಇಳಿದು ಎದೆಬಡಿತದ ಏರಿಳಿತವು ಹದಗೊಂಡುದನ್ನು ಕಂಡರು. ಮಂತ್ರದ ಮಹಿಮೆಯೆಂದು ಹಿಗ್ಗಲು ನಮ್ಮ ಪಂಡಿತರಿಗೆ ಆಸ್ಪದವಿಲ್ಲ. ಲ್ಯಾಟಿನ್ನಿಗೂ ಅದೇ ಫಲ ದೊರೆಯಿತಷ್ಟೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೧ರಲ್ಲಿ ೧೨ ಮಂದಿಯಿಂದ ಓಂಕಾರವನ್ನೂ, ಹೋಲಿಕೆಗಾಗಿ ‘ಸ್’ ಎಂಬ ಉಚ್ಚಾರವನ್ನೂ ಮಾಡಿಸಿ, ಓಂಕಾರದ ಕಾಲದಲ್ಲಿ ಭಾವೋದ್ವೇಗದ ಭಾಗಗಳು ಶಾಂತವಾಗುವುದನ್ನು ಚಿತ್ರಗಳಲ್ಲಿ ತೋರಿಸಿದರು. ಕಿವಿಯ ಸುತ್ತಣ ಕಂಪನವು ವೇಗಸ್ಸಿನ ಕವಲನ್ನು ಮುಟ್ಟುವುದೇ ಕಾರಣವಿರಬಹುದೆಂದು ಅವರ ಊಹೆ. ೨೦೨೩ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ತರುಣರೂ ಹಿರಿಯರೂ ಸೇರಿದ ೧೦೮ ಮಂದಿಯಲ್ಲಿ ಒಂದು ಗುಂಪಿನಿಂದ ದಿನಕ್ಕೆರಡು ಸಲ ೨೦ ನಿಮಿಷದಂತೆ ಕೆಲವು ವಾರ ನಿಧಾನವಾದ ಉಸಿರಾಟವನ್ನು ಮಾಡಿಸಿದಾಗ, ಆಲ್‌ಜೈಮರ್ ರೋಗಕ್ಕೆ ಸಂಬಂಧಪಟ್ಟ ಅಮಿಲಾಯ್ಡ್ ಎಂಬ ಪದಾರ್ಥವು ಅವರ ರಕ್ತದಲ್ಲಿ ಕಡಮೆಯಾಯಿತು. ರಕ್ತದಲ್ಲಿ ಇಳಿದುದರಿಂದ ಮಿದುಳಿನ ರೋಗವು ತಪ್ಪುವುದೆಂದು ಅವರೂ ಹೇಳಿಲ್ಲ, ನಾವೂ ಹೇಳೆವು. ಆದರೆ ಬೆಲೆಯಿಲ್ಲದ, ಅಪಾಯವಿಲ್ಲದ ಅಭ್ಯಾಸವಾದುದರಿಂದ ಸಂಧ್ಯಾಕಾಲದಲ್ಲಿ ಹತ್ತು ನಿಮಿಷ ಕುಳಿತು ನೀಳವಾಗಿ ಉಸಿರು ಬಿಡುವವರನ್ನು ನಾವು ತಡೆಯೆವು. ಕುಂಭಕವೆಂದು ಉಸಿರನ್ನು ಬಿಗಿಹಿಡಿಯುವ ಸಾಹಸವು ಬೇಡ. ನರವು ಕುತ್ತಿಗೆಯಲ್ಲಿದೆಯೆಂದು ಕೇಳಿ ಕುತ್ತಿಗೆಯನ್ನು ಅಮುಕುವುದಂತೂ ಎಂದಿಗೂ ಕೂಡದು. ಎದೆಬಡಿತವು ಥಟ್ಟನೆ ಕುಸಿದು ಮೂರ್ಛೆ ಹೋದವರುಂಟು.

ನಿಮ್ಹಾನ್ಸ್ ಸಂಸ್ಥೆಯ ಹೆಸರು ಬಂದುದರಿಂದ ಇನ್ನೊಂದು ಮಾತು. ಮಿದುಳಿನ ಕಾಂಡದ ಮೇಲ್ಭಾಗದಲ್ಲಿ, ನೀಲಸ್ಥಾನದಂತೆಯೇ ಬಣ್ಣದಿಂದ ಹೆಸರು ಪಡೆದ ಕಪ್ಪು ಪಟ್ಟೆಯೊಂದುಂಟು. ಅದರ ಕಣಗಳು ಸತ್ತರೆ ಪಾರ್ಕಿನ್ಸನ್ ರೋಗದ ನಡುಕವು ಬರುವುದು. ವಯಸ್ಸಾದಂತೆ ಆ ಕಣಗಳು ಸವೆಯುವುವೆಂದು ಪಾಶ್ಚಾತ್ಯರು ಎಣಿಸಿ ಹೇಳಿದ್ದರು. ಬೆಂಗಳೂರಿನ ವಿದ್ವಾಂಸರು ಭಾರತೀಯರ ಮಿದುಳುಗಳಲ್ಲಿ ಎಣಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಮ್ಮವರಲ್ಲಿ ಆ ಕಣಗಳ ಸಂಖ್ಯೆಯೇ ಮೊದಲಿನಿಂದ ಕಡಮೆಯೆಂದೂ, ಆದರೆ ವಯಸ್ಸಿನೊಡನೆ ಅವು ಸವೆಯುವುದು ಕಾಣಲಿಲ್ಲವೆಂದೂ ಹೇಳಿರುವರು. ಪರದೇಶದವರ ಲೆಕ್ಕವನ್ನು ನಮ್ಮ ದೇಹಗಳ ಲೆಕ್ಕವೆಂದು ಕಣ್ಣುಮುಚ್ಚಿ ಒಪ್ಪದೆ ತಾವೇ ಕುಳಿತು ಎಣಿಸಿದ ಈ ಕೆಲಸಕ್ಕೆ ನಮ್ಮ ಪತ್ರಿಕೆಗಳಲ್ಲಿ ದೊರೆತ ಸ್ಥಳವು ತೀರ ಸ್ವಲ್ಪ.

ಕಡೆಯದಾಗಿ ನಿದ್ರೆ. ನಾವು ನಿದ್ರಿಸುವಾಗ ನೀಲಸ್ಥಾನವು ಮಂದವಾಗುವುದು. ಕನಸು ಕಾಣುವ ಹೊತ್ತಿನಲ್ಲಿ ಬಹುಮಟ್ಟಿಗೆ ಮೌನವಾಗುವುದು. ಹಗಲೆಲ್ಲ ದುಡಿಯುವ ಆ ಕಣಗಳಿಗೆ ದೊರೆಯುವ ವಿಶ್ರಾಂತಿಯು ಅದೊಂದೇ. ೨೦೨೫ರಲ್ಲಿ ಡೆನ್ಮಾರ್ಕಿನ ನೆಡರ್‌ಗಾರ್ಡ್ ಎಂಬವರ ಬಳಗವು ಇಲಿಗಳಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿತು. ಗಾಢನಿದ್ರೆಯಲ್ಲಿ ನಾರ್‌ಎಪಿನೆಫ್ರಿನ್ನು ಅಲೆಯಲೆಯಾಗಿ ಏರಿಳಿಯುವುದರಿಂದ ರಕ್ತನಾಳಗಳು ಹಿಗ್ಗಿ ಕುಗ್ಗಿ, ಮಿದುಳಿನ ಕಲ್ಮಷವು ತೊಳೆದುಹೋಗುವುದಂತೆ. ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆಯನ್ನು ಕೊಟ್ಟ ಇಲಿಗಳು ಮಲಗಿದುವಾದರೂ ಆ ತೊಳೆತವು ಕುಂದಿತು. ಇಲಿಗಳಲ್ಲಿ ಕಂಡುದು ಮನುಷ್ಯರಲ್ಲಿಯೂ ಹಾಗೆಯೇ ಆಗುವುದೆಂಬುದು ಇನ್ನೂ ನಿರ್ಣಯವಾಗಬೇಕು. ಇದನ್ನೋದಿ ಬಹುಕಾಲದಿಂದ ಮಾತ್ರೆ ನುಂಗುತ್ತಿರುವವರು ಇಂದಿನ ರಾತ್ರಿಯೇ ಬಿಟ್ಟುಬಿಡಬಾರದು. ಒಮ್ಮೆಗೇ ಬಿಟ್ಟರೆ ಬೇರೆ ತೊಂದರೆಗಳು ಬರುವುವು. ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ತಗ್ಗಿಸತಕ್ಕದ್ದು. ಮಧ್ಯಾಹ್ನದ ಮೇಲೆ ಕಾಫಿಯನ್ನು ನಿಲ್ಲಿಸುವುದೂ, ಊಟವಾದ ಬಳಿಕ ಎರಡು ಗಂಟೆಯ ಹಗಲುನಿದ್ರೆಯನ್ನು ಅರ್ಧ ಗಂಟೆಗೆ ಇಳಿಸುವುದೂ ಆ ಕೆಲಸಕ್ಕೆ ಒದಗುವ ನೆರವುಗಳು. ಕಾಫಿಯ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯವು ಯಾರಿಗುಂಟೋ ಅವರು ಎತ್ತಬಹುದು.

ಕಿವುಡುತನವೂ ಮರೆವನ್ನು ಬೆಳೆಸುವುದೆಂದು ಕೇಳಿ ಹಲವರು ನಮಗೆ ಬರೆದಿರುವರು. ಆ ವಿಷಯವು ದೊಡ್ಡದಾದುದರಿಂದ ಮುಂದಿನ ಸಂಚಿಕೆಗೆ ಇಟ್ಟುಕೊಂಡಿರುವೆವು.